ರೂಪ್‌ಚಂದನ ಹಲ್ಲು

ಹೋದ ಭಾನುವಾರ ಚಿಕ್ಕಬಳ್ಳಾಪುರದ ಹೊಸ ಅಂಗಡಿಯೊಂದರಲ್ಲಿ, ಮಂಜುಗಟ್ಟಿದ ಮೀನಿನ ಪೊಟ್ಟಣ ಹಿಡಿದು, ಕನ್ನಡಕ ಹಣೆಗೇರಿಸಿ ಚೀಟಿ ಓದುತ್ತ ನಿಂತಿದ್ದೆ. ‘ಪಾಂಫ್ರೆಟ್, ಸಮುದ್ರದ್ದು’ ಎಂದಿತ್ತು. ಒಳಗಿದ್ದ ಮೀನಿಗೆ ತಲೆಯಿರಲಿಲ್ಲ.

“ತಲೆ ಎಲ್ಲಪ್ಪಾ?” ಎಂದೆ.

“ತಲೆ ಯಾಕ್ ಸಾರ್? ಕ್ಲೀನ್ ಮಾಡಿರೋದು,” ಎಂದ ಅಂಗಡಿಯವನು.

“ಹಲ್ಲು ನೋಡ್ಬೇಕಿತ್ತು.”

ಹೆಂಡತಿ ನನ್ನ ಪರಿಚಯವೇ ಇಲ್ಲದವಳಂತೆ ಮೊಟ್ಟೆಗಳ ಕಡೆ ನಡೆದುಬಿಟ್ಟಳು. ನೀವೂ ಹಾಗೆ ಹೊರಡಬೇಡಿ. ಸ್ವಲ್ಪ ನಿಲ್ಲಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಚಿಂತಾಮಣಿಯಲ್ಲಿದ್ದೆವು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್ಸು ಹತ್ತಿದ ಮೇಲೆ ನಾಲ್ಕನೆಯ ಸಲ ಎಳೆಯಲು ಇಳಿದುಬಿಡುವವರ ಪೈಕಿ ನಾನು. ಇಂಥವನಿಗೂ ಒಂದು ಹೆಮ್ಮೆಯಿತ್ತು: ಅಕ್ಷರ ದುಂಡಗೆ. ಮುರುಗಮಲ್ಲದ ಬಸ್ಸು ನಿಲ್ಲುವ ಕಡೆ ಮೀನು ಮಾರುತ್ತಿದ್ದ ಮುನಿರತ್ನಮ್ಮನವರಿಗೆ ಓದುಬರಹ ಬಾರದು. ಭಾನುವಾರ ಬೆಳಿಗ್ಗೆ ಅವರ ಸ್ಲೇಟುಗಳ ಮೇಲೆ ಮೀನಿನ ಹೆಸರು ಬರೆದುಕೊಡುವುದು ನನ್ನ ಕೆಲಸ. ನನ್ನ ಮೀನನ್ನು ಎಲ್ಲರಿಗಿಂತ ಮೊದಲು ಕತ್ತರಿಸಿಕೊಡುವುದು ಅವರದು.

ಒಂದು ದಿನ ಬುಟ್ಟಿಯಲ್ಲಿ ತಟ್ಟೆಯಂಥ ಹೊಸ ಮೀನು ಮಲಗಿತ್ತು.

“ಆಂಧ್ರದ ಕಡೇದು ಮೇಷ್ಟ್ರೆ. ಹೊಂಡದಾಗೆ ಸಾಕ್ತಾರಂತೆ. ರೂಪ್‌ಚಂದು ಅಂತಾರೆ.”

“ನೀವು ಸುಮ್ನಿರಮ್ಮ. ಬಟ್ಟೆ ಅಂಗಡಿ ಮಾಲೀಕರ ಹೆಸರಿದ್ದಂಗಿದೆ. ಇದು ಪಾಂಫ್ರೆಟ್ಟು! ಸಮುದ್ರದ ಮೀನು.”

“ಹೌದಾ? ಓದಿರೋರು ನೀವು, ಬರೀರಪ್ಪ.”

ಬರೆದೆ. ಕೆಳಗೊಂದು ಅಲೆಯನ್ನೂ ಬಿಡಿಸಿದೆ. ಸಮುದ್ರವನ್ನು ಒಮ್ಮೆ, ಅದೂ ದೂರದಿಂದ ನೋಡಿದ್ದವನ ಅಲೆ ಅದು. ಜನ ಮುತ್ತಿಕೊಂಡರು.

ಜನರ ಹಿಂದೆಯೇ ಆಹಾರ ಇಲಾಖೆಯ ಅಧಿಕಾರಿ ಬಂದರು. ಸ್ಲೇಟು ಓದಿದರು, ಅಲೆ ನೋಡಿದರು, ಒಂದು ಮೀನೆತ್ತಿ ಹೆಬ್ಬೆರಳಿನಿಂದ ಅದರ ತುಟಿ ಸರಿಸಿದರು. ಒಳಗೆ ಥೇಟ್ ನಮ್ಮ ನಿಮ್ಮದರಂಥ ದವಡೆಹಲ್ಲು!

“ಪಾಂಫ್ರೆಟ್‌ಗೆ ಇಂಥ ಹಲ್ಲು ಯಾವಾಗ ಬಂತಮ್ಮಾ? ಸುಳ್ಳು ಹೆಸರು ಹಾಕಿ ಮಾರಿದ್ರೆ ದಂಡ ಲಕ್ಷದ ಲೆಕ್ಕದಲ್ಲಿರುತ್ತೆ, ಗೊತ್ತಾ? ಯಾರು ಬರೆದಿದ್ದು ಇದು?”

ಲಕ್ಷವೆಂದರೆ ಆ ಬುಟ್ಟಿ, ತಕ್ಕಡಿ, ಮೇಲಿನ ಟಾರ್ಪಾಲು ಎಲ್ಲ ಮಾರಿದರೂ ಹುಟ್ಟದ ಮೊತ್ತ. ಮುನಿರತ್ನಮ್ಮನವರ ಅಂಗಡಿ ಅಂದೇ ಮುಚ್ಚಿದಂತೆ. ನನ್ನ ಬೆರಳಲ್ಲಿ ಸೀಮೆಸುಣ್ಣದ ಪುಡಿ. ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು. ತಲೆಯೊಳಗೆ ನಾನಾಗಲೇ ಜೈಲಿನಲ್ಲಿದ್ದೆ, ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಯೋಚಿಸುತ್ತ.

ಮುನಿರತ್ನಮ್ಮ ನನ್ನನ್ನೊಮ್ಮೆ ನೋಡಿ, “ನಾನೇ ಸಾರ್,” ಎಂದರು.

“ಹಂಗಾದ್ರೆ ಇನ್ನೊಂದ್ ಸಲ ಬರಿ ನೋಡಣ.”

ಅವರು ಸೀಮೆಸುಣ್ಣವನ್ನು ಮೀನು ಕತ್ತರಿಸುವ ಚಾಕುವಿನಂತೆ ಹಿಡಿದು, ಸ್ಲೇಟಿನ ಮುಂದೆ ಕೂತುಬಿಟ್ಟರು. ಒಂದು ಗೆರೆ ಎಳೆದು, ಮುಂದೇನೆಂದು ತಿಳಿಯದೆ ಮತ್ತೆ ಅದರ ಮೇಲೇ ಎಳೆದರು. ಅದನ್ನು ನೋಡಲಾಗಲಿಲ್ಲ.

“ಸಾರ್, ಅಕ್ಷರ ನಂದು. ಪಾಂಫ್ರೆಟ್ ಅಂದಿದ್ದೂ ನಾನೇ. ಅಮ್ಮ ಸರಿಯಾಗೇ ಹೇಳಿದ್ರು.”

“ನೀವೇನ್ ಮಾಡ್ಕೊಂಡಿದ್ದೀರ?”

“ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳ್ಕೊಡ್ತೀನಿ.”

ಅಧಿಕಾರಿ ಮೀನಿನ ಹಲ್ಲು ನೋಡಿದರು, ನನ್ನ ಹಲ್ಲು ನೋಡಿದರು. “ಅಮ್ಮಂಗೆ ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀನಿ. ನಿಮಗೆ ಏನ್ ದಂಡ ಹಾಕ್ಬೇಕೋ ಯಾವ ಕಾಯ್ದೇಲೂ ಬರೆದಿಲ್ಲ,” ಎಂದು ಸ್ಲೇಟು ಒರೆಸಿ ಹೊರಟರು.

“ನಾನ್ ಹಾಕ್ತೀನಿ ದಂಡ,” ಎಂದರು ಮುನಿರತ್ನಮ್ಮ. “ನಂಗೆ ಬರಿಯೋದು ಕಲ್ಸಿ. ಇನ್ಮೇಲೆ ತಪ್ಪಾದ್ರೆ ನಂದೇ ತಪ್ಪಾಗ್ಲಿ.”

ಎಷ್ಟೋ ಭಾನುವಾರ ಆ ದಂಡ ಕಟ್ಟಿದೆ. “ಈ ಅಕ್ಷರಕ್ಕೆ ಬಾಲ ಉದ್ದಾಯ್ತು ಮೇಷ್ಟ್ರೆ, ಕತ್ತರಿಸ್‌ಬಿಡ್ಲಾ?” ಎನ್ನುತ್ತಿದ್ದರು. ಕಲಿಕೆ ಮುಗಿಯುವ ಮೊದಲೇ ನನಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು.

ಹೋದ ಭಾನುವಾರ ಆ ತಲೆಯಿಲ್ಲದ ಮೀನಿನ ಪೊಟ್ಟಣವನ್ನು ಅಂಗಡಿಯ ಮಂಜಿನ ಪೆಟ್ಟಿಗೆಗೇ ವಾಪಸಿಟ್ಟು ಹೆಂಡತಿಯನ್ನು ಚಿಂತಾಮಣಿ ಬಸ್ಸು ಹತ್ತಿಸಿದೆ. “ಒಂದ್ ಮೀನಿಗೆ ಅಷ್ಟ್ ದೂರಾನಾ?” ಎಂದು ದಾರಿಯುದ್ದಕ್ಕೂ ಗೊಣಗಿದಳು. ಬೀಗದ ನೆನಪು ಮಾತ್ರ, ಆಶ್ಚರ್ಯ, ನನಗೆ ಬರಲೇ ಇಲ್ಲ.

ಅದೇ ಜಾಗ, ಅದೇ ಟಾರ್ಪಾಲು. ಮುನಿರತ್ನಮ್ಮ ಯಾರಿಗೋ ಮೀನು ತೂಗುತ್ತಿದ್ದರು. ಬುಟ್ಟಿಗೆ ಒರಗಿದ ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ, ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ ಈಜುತ್ತ:

‘ರೂಪ್‌ಚಂದು. ಸಮುದ್ರದ್ದಲ್ಲ. ಹಲ್ಲೈತೆ.’

ಕೈ ಜೇಬಿಗೆ ಹಾಕಿಕೊಂಡು, ಎಲ್ಲರ ಹಿಂದೆ ಸಾಲಿನಲ್ಲಿ ನಿಂತೆ.