ಹುಳದ ಮನೆ ಬಾಗಿಲಲ್ಲಿ ಒಬ್ಬ ಮೊಂಡಿ

ಸ್ವಂತ ತಮ್ಮನ ಮನೆಯಲ್ಲಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು ಸ್ವಾಮಿ! ನಿಲ್ಲಿಸಿದ್ದು ತಮ್ಮನಲ್ಲ, ಅವನ ಹೆಂಡತಿ ರತ್ನ.

ಹೋದ ಭಾನುವಾರ ಕೆಂಚಾರ್ಲಹಳ್ಳಿಯ ನಮ್ಮ ಟೊಮೆಟೊ ತೋಟಕ್ಕೆ ಔಷಧಿ ಹೊಡೆದು, ಕೈಕಾಲು ತೊಳೆದು, ಬೈಕ್ ಹತ್ತಿ ಸೀದಾ ಮೇಲೂರಿಗೆ ಹೋದೆ. ತಮ್ಮ ಮಂಜು ಅಲ್ಲಿ ರೇಷ್ಮೆ ಹುಳ ಸಾಕುತ್ತಾನೆ. (ಸಾಕುವುದು ರತ್ನ. ಅವನು ಸೊಪ್ಪು ತಂದು ಹಾಕಿ ಫೋನ್ ನೋಡುತ್ತಾನೆ.) ಹುಳ ಗೂಡು ಕಟ್ಟೋಕೆ ಇನ್ನು ನಾಲ್ಕೇ ದಿನ. ನೋಡೋಣ ಅಂತ ಚಪ್ಪಲಿ ಬಿಟ್ಟು ಹುಳದ ಮನೆಯೊಳಗೆ ಕಾಲಿಡಬೇಕು, ರತ್ನ ಅಡ್ಡ ಬಂದಳು.

"ಭಾವ, ಒಳಗೆ ಬರಬ್ಯಾಡಿ. ಔಷಧಿ ವಾಸ್ನೆ ಬರ್ತಾ ಐತೆ. ಸ್ನಾನ ಮಾಡಿ, ಬಟ್ಟೆ ಬದಲಾಯಿಸ್ಕೊಂಡು ಬನ್ನಿ."

"ಕೈ ತೊಳ್ಕೊಂಡಿದೀನಿ ಕಣಮ್ಮ. ಒಂದೇ ನಿಮಿಷ."

"ಬ್ಯಾಡ ಭಾವ."

ಮಂಜು ನಡುವೆ ಬಾಯಿ ಹಾಕಿದ. "ನಮ್ಮಣ್ಣ ಕಣೇ, ಬಿಡೇ."

"ನಿಮ್ಮಣ್ಣ ಅಂತ ಹುಳಕ್ಕೆ ಗೊತ್ತಾಗ್ತದಾ? ಹೋದ ಸಲ ಪಕ್ಕದ ತೋಟದವರು ಹೊಡೆದ ಔಷಧಿಗೆ ಇಡೀ ಬೆಳೆ, ಅಷ್ಟೂ ಹುಳ ಸತ್ತೋಯ್ತು. ಎತ್ತಿ ಗುಂಡಿಗೆ ಹಾಕಿದ್ದು ನಾನು, ನೀವಲ್ಲ."

ನನಗೆ ರೇಗಿಹೋಯಿತು. "ಎಂಥಾ ಮೊಂಡಿ ಇವಳು!" ಅಂದೇಬಿಟ್ಟೆ. ಅವಳು ನನ್ನ ಸ್ನಾನಕ್ಕೆ ನೀರು ಕಾಯಿಸೋಕೆ ಹೋದಳು.

ಮೊಂಡುತನ ಅಂದರೆ ಹೇಳಿದ ಮಾತು ಕೇಳದಿರುವುದು. ಸರಿ. ಆದರೆ ಕೇಳದಿರುವುದು ಯಾರು? ನಮ್ಮಲ್ಲಿ ಈ ಪದ ಊಟ ಬೇಡ ಅನ್ನುವ ಮಗುವಿಗೆ, ಹೊಲದಲ್ಲಿ ಮಲಗಿಬಿಡುವ ಎತ್ತಿಗೆ, ಎದುರು ಮಾತಾಡುವ ಸೊಸೆಗೆ ಮೀಸಲು. ಆಫೀಸಿನಲ್ಲಿ ಸಾಹೇಬರು ಯಾರ ಮಾತೂ ಕೇಳದಿದ್ದರೆ ಅವರು 'ಸ್ಟ್ರಿಕ್ಟ್'. ನಮ್ಮ ಮಾವ ವರ್ಷಗಟ್ಟಲೆ ಬಿಪಿ ಮಾತ್ರೆ ಮುಟ್ಟದಿದ್ದರೆ 'ಅವರ ಸ್ವಭಾವವೇ ಹಾಗೆ'. ಅವರನ್ನು ಯಾರಾದರೂ ಮೊಂಡ ಅಂತಾರಾ?

ಸ್ನಾನ ಮಾಡಿದೆ. ಮಂಜುವಿನ ಲುಂಗಿ ಉಟ್ಟು ಒಳಗೆ ಹೋದೆ. ಹುಳಗಳೆಲ್ಲ ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದವು. ರತ್ನ ಅವುಗಳನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಆದರೂ ಸಾರಿ ಅನ್ನಲಿಲ್ಲ. (ಭಾವ ಅಲ್ಲವೇ!)

ಮನೆಗೆ ಬಂದು ಹೆಂಡತಿಗೆ ದೂರು ಹೇಳಿದೆ. ಅವಳೋ, ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂತ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಾನು ಒಂದು ದಿನವೂ ಕಟ್ಟಿಲ್ಲ. ಈಗೀಗ ಕೆಮ್ಮು ನಿಲ್ಲುತ್ತಿಲ್ಲ.

ಪೂರ್ತಿ ಕೇಳಿಸಿಕೊಂಡು ಅಂದಳು:

"ಹುಳ ಉಳಿಸೋಕೆ ರತ್ನ ಮೊಂಡಿ ಆದ್ಲು. ನಿಮ್ಮನ್ನ ಉಳಿಸ್ಕೊಳ್ಳೋಕೆ ನಾನಿನ್ನೆಷ್ಟು ಮೊಂಡಿ ಆಗ್ಬೇಕು, ಹೇಳ್ರೀ?"