ನಮ್ಮ ಮಾವನ ಮುದ್ದೆ

ನಮ್ಮ ಮಾವ ಕೋದಂಡಪ್ಪನವರಿಗೆ ಮುದ್ದೆ ಇಲ್ಲದ ಊಟ ಊಟವೇ ಅಲ್ಲ. ಬೇತಮಂಗಲದ ಹತ್ತಿರದ ನಮ್ಮೂರಿಂದ ಉರಿಗಾಂ ಚಿನ್ನದ ಗಣಿಯ ಲೈನ್ ಮನೆಗಳಿಗೆ ಸೈಕಲ್ ಮೇಲೆ ಹಾಲು ಹಾಕ್ಕೊಂಡು ಬದುಕಿದ ಮನುಷ್ಯ. ಗಣಿ ಮುಚ್ಚಿದ ಮೇಲೂ ಬಿಡಲಿಲ್ಲ. ಅಲ್ಲಿನ ಹೆಂಗಸರ ಜೊತೆ ತಮಿಳು, ದನದ ಹಿಂಡಿ ಅಂಗಡೀಲಿ ತೆಲುಗು, ಸೊಸೆ ಅಂತ ನನ್ನ ಮೇಲೆ ರೇಗೋಕೆ ಮಾತ್ರ ಕನ್ನಡ. ಬೆಳಗ್ಗೆ ಒಂದು ಮುದ್ದೆ ನುಂಗಿ ಹೊರಟ್ರೆ, ಬಂದು ಇನ್ನೊಂದು.

ಅಂಥವರಿಗೆ ಅನ್ನನಾಳದಲ್ಲಿ ಗಡ್ಡೆ ಬಂತು. ನೀರೂ ಇಳಿಯದಂಗಾದಾಗ ಕೋಲಾರದ ಒಂದು ಆಸ್ಪತ್ರೇಲಿ ಗಡ್ಡೆ ಇರೋ ಕಡೆ ಸಣ್ಣ ಜಾಲರಿ ಕೊಳವೆ ಕೂರಿಸಿದ್ರು. ಸ್ಟೆಂಟ್ ಅಂತಾರೆ. ಗಡ್ಡೆ ಕರಗಲ್ಲ, ಅನ್ನ ಇಳಿಯೋಕೆ ದಾರಿಯಾಗುತ್ತೆ ಅಷ್ಟೆ. "ಮೆತ್ತಗಿರೋದು ಕೊಡಿ, ಚೆನ್ನಾಗಿ ಅಗಿದು ತಿನ್ಲಿ" ಅಂತ ಹೇಳಿ ಕಳಿಸಿದ್ರು.

ಆಮೇಲೆ ಮೂರು ಹೊತ್ತೂ ಗಂಜಿ. ನನ್ನ ಗಂಡ ಕಾಂತರಾಜ್ ಬಂಗಾರಪೇಟೆಯಿಂದ ರೈಲು ಹತ್ತಿ ಕೆಲಸಕ್ಕೆ ಹೋದ್ರೆ ಬರೋದು ಕತ್ತಲಾದ ಮೇಲೆ. ಹಸು, ಕೊಟ್ಟಿಗೆ, ಗಂಜಿ ಕಾಯಿಸೋದು, ಸೋಸೋದು, ಮಾವನ ಮುನಿಸು, ಎಲ್ಲ ನನ್ನ ತಲೆ ಮೇಲೆ. ಸಾಕಾಗಿತ್ತಪ್ಪಾ!

ಒಂದಿನ ಮಾವನೇ ಮಾತು ತೆಗೆದ್ರು. "ಇಂದ್ರಾಣಿ, ಮೆತ್ತಗಿರೋದು ಕೊಡು ಅಂದವ್ರೆ ತಾನೆ? ಮುದ್ದೆಗಿಂತ ಮೆತ್ತಗಿರೋದು ಇನ್ನೇನೈತಮ್ಮ?"

"ಅಗೀಬೇಕು ಅಂದವ್ರಲ್ಲ ಮಾವ."

"ಅನ್ನ ಆದ್ರೆ ಅಗೀಬೇಕು. ಮುದ್ದೇಲಿ ಅಗಿಯೋಕೇನೈತೆ?"

ನನಗೂ ಅದು ಸರಿ ಅನ್ನಿಸ್ತು. ನಮ್ಮಲ್ಲಿ ಹಲ್ಲು ಬರೋ ಮಕ್ಕಳಿಗೂ ಮುದ್ದೆ ನುಂಗೋದೇ ಕಲಿಸ್ತೀವಿ. ತೆಳ್ಳಗೆ ತಿರುವಿ, ಸೊಪ್ಪಿನ ಸಾರು ಬಿಟ್ಟು ಕೊಟ್ಟೆ. ಮೊದಲ ತುತ್ತು ಇಳೀತು. ಎರಡನೇದೂ ಇಳೀತು. ಎಷ್ಟೋ ದಿನದ ಮೇಲೆ ನಕ್ಕರು. ಮೂರನೇದಕ್ಕೆ ಕೈ ಎದೆ ಮೇಲೆ ಹೋಯ್ತು. ಮುದ್ದೆ ಕೊಳವೆ ಬಾಯಿಗೆ ಮೆತ್ಕೊಂಡು ಕೂತ್ಬಿಟ್ಟಿತ್ತು. ಎಂಜಲು ಕೂಡ ಇಳೀಲಿಲ್ಲ. ಬಂಗಾರಪೇಟೆವರೆಗೂ ಆಟೋ, ಅಲ್ಲಿಂದ ಕೋಲಾರಕ್ಕೆ ಬಸ್ಸು, ದಾರಿಯುದ್ದಕ್ಕೂ ಅವರು ಚೊಂಬಿಗೆ ಉಗುಳ್ತಾ ಇದ್ರೆ ನಾನು ಚೊಂಬು ಹಿಡ್ಕೊಂಡು ಕೂತಿದ್ದೆ. ಅಯ್ಯೋ ನನ್ನ ಹಣೆಬರಹವೇ, ಇವರನ್ನ ನನ್ನ ಕೈಯಾರೆ ಕೊಂದೆನಾ ಅಂತ ಒಂದೇ ಯೋಚನೆ.

ಬಾಯೊಳಗೆ ಕ್ಯಾಮೆರಾ ಪೈಪ್ ಇಳಿಸಿ, ಮುದ್ದೇನ ಚೂರುಚೂರಾಗಿ ತೆಗೆದ್ರು.

"ಅಗಿದು ತಿನ್ನಿ ಅಂದಿದ್ದೆನಲ್ಲಮ್ಮ" ಅಂದ್ರು ಡಾಕ್ಟ್ರು.

"ಮುದ್ದೇನ ಯಾರು ಅಗೀತಾರೆ ಸಾರ್?"

ಅವರು ತಲೆ ಚಚ್ಕೊಂಡ್ರು. "ನಾನೂ ಮುದ್ದೆ ತಿಂದೇ ಬೆಳೆದೋನು. ಬಾಯಿಬಿಟ್ಟು ಹೇಳ್ಬೇಕಿತ್ತು. ಕೊಳವೆ ಹೊಟ್ಟೆ ಕಡೆಗೆ ಜಾರಿತ್ತು, ಮೇಲೆಳೆದು ಕೂರಿಸಿದ್ದೀವಿ. ಮತ್ತೆ ಹಿಂಗಾದ್ರೆ ಕೂರಿಸೋದು ಕಷ್ಟ. ಇನ್ಮೇಲೆ ಮುದ್ದೆ ಬೇಡ, ಯಾವತ್ತೂ."

ಮಾವ ಗೋಡೆ ಕಡೆ ಮುಖ ತಿರುಗಿಸಿದ್ರು.

ಅವರ ಮೂಗಿಗೆ ವಾಸನೆ ಬಡಿಯೋದು ಬೇಡ ಅಂತ ನಾನು ಮುದ್ದೆ ತಿರುವೋದನ್ನೇ ಬಿಟ್ಟೆ. ಅವರಿಗೆ ಮಾಡಿದ ಗಂಜೀನೇ ನಾನೂ ಕುಡೀತಿದ್ದೆ. ಒಂದು ಮಧ್ಯಾಹ್ನ ಕೊಟ್ಟಿಗೆ ಬಾಚಿ ಒಳಗೆ ಬಂದ್ರೆ ಮಾವ ಒಲೆ ಹತ್ತಿರ ಕೂತಿದ್ರು.

"ಇಂದ್ರಾಣಿ, ಮುದ್ದೆ ತಿರುವು."

ನನಗೆ ರೇಗಿಹೋಯ್ತು. "ನಿಮಗೆ ಸಾಯ್ಬೇಕು ಅಂತಿದ್ರೆ ನನ್ನ ಕೈಯಲ್ಲಿ ಯಾಕೆ ಮಾವ? ನಾನೇನು ಪಾಪ ಮಾಡಿದ್ದೀನಿ?"

"ನನಗಲ್ಲ ಕಣಮ್ಮ, ನಿನಗೆ. ದನದ ಕೆಲಸ ಮಾಡೋಳು ಗಂಜಿ ಕುಡ್ಕಂಡು ಎಷ್ಟು ದಿನ ನಿಂತ್ಕಂತೀಯ?"

ತಿರುವಿದೆ. ತಟ್ಟೆ ಇಟ್ಕೊಂಡು ಕೂತೆ. ಅವರು ಎದುರಿಗೆ ಕೂತ್ರು. ತುತ್ತು ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಕೊಂಡ್ರೆ ನಾಲಿಗೆ ಮೇಲೇ ನಿಂತ್ಬಿಡ್ತು. ಕಣ್ಣಲ್ಲಿ ನೀರು. ಹೆಂಗೋ ನುಂಗಿದೆ. ನನ್ನ ಗಂಟಲನ್ನೇ ನೋಡ್ತಿದ್ದ ಮಾವನ ಗಂಟಲೂ ಒಂದು ಸಲ ಮೇಲೆ ಕೆಳಗೆ ಆಡ್ತು.

"ಇಳೀತಾ?" ಅಂದ್ರು.

"ಇಳೀತು ಮಾವ."

"ಇನ್ನೊಂದು ತುತ್ತು ನುಂಗು," ಅಂದ್ರು, "ನೋಡ್ತೀನಿ."