ಕೀಬೋರ್ಡಿನ ಮೇಲಿದ್ದ ಕಂಬಳಿ

ಗೆಳೆಯರೇ, ಮದುವೆ ಮೆರವಣಿಗೆಯದನ್ನು ಬಿಟ್ಟರೆ ಒಂದು ಬ್ಯಾಂಡನ್ನು ಎದುರು ಕೂತು ಕೇಳಿದ್ದು ಇವತ್ತೇ ಮೊದಲು. ಗೋಕಾಕದ ಬೇಸಿಗೆ ಸಂಗೀತೋತ್ಸವದಲ್ಲಿ ಮೂಡಲಗಿಯ ಹುಡುಗಿಯರು ಹಾಡತೊಡಗಿದಾಗ, ಪಕ್ಕದ ಘಟಪ್ರಭಾದಲ್ಲೇ ಇದ್ದೂ ನನಗೆ ಇವರ ಸುದ್ದಿಯೇ ಗೊತ್ತಿರಲಿಲ್ಲವಲ್ಲ ಅನಿಸಿತು.

ಎರಡನೇ ಹಾಡಿಗೆ ಮಳೆ ಹೊಡೆಯಿತು. ಕೀಬೋರ್ಡಿನವಳು ಕುರಿ ಕಾಯುವ ತನ್ನಪ್ಪನ ಕಂಬಳಿಯನ್ನು ವಾದ್ಯದ ಮೇಲೆ ಗುಡಾರದಂತೆ ಹೊದಿಸಿ, ಒಳಗೆ ಕೈ ತೂರಿಸಿ ನುಡಿಸುತ್ತಲೇ ಇದ್ದಳು. ನಾವೂ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹಿಡಿದು ಕೇಳುತ್ತಲೇ ಇದ್ದೆವು.

ಅಷ್ಟರಲ್ಲಿ ಮುಖ್ಯ ಅತಿಥಿಯ ಕಾರು ಬಂತು. ಸಂಘಟಕರು ವೇದಿಕೆಗೆ ಓಡಿದರು.

"ಶಾಲು ಎಲ್ಲಾ ತೊಯ್ದಾವ. ಆ ಕಂಬಳಿ ಕೊಡವ್ವಾ, ಸಾಹೇಬ್ರಿಗೆ ಹೊಚ್ಚಿ ಸತ್ಕಾರ ಮಾಡತೇವಿ."

"ಬ್ಯಾಡ್ರಿ ಕಾಕಾ, ಕೀಬೋರ್ಡಿನ್ಯಾಗ ನೀರ ಹೋಗತಾವ್ರಿ!"

"ಎರಡ ನಿಮಿಷ ತಡಿಯವ್ವಾ."

ಎಳೆದುಕೊಂಡೇ ಬಿಟ್ಟರು. ಸಾಹೇಬರು ಕಂಬಳಿ ಹೊದ್ದರು, ಫೋಟೊ ಆಯಿತು, ಹೊದ್ದುಕೊಂಡೇ ಕಾರು ಹತ್ತಿ ಹೊರಟುಹೋದರು. ಕೀಬೋರ್ಡ್ ಒಮ್ಮೆ ನರಳಿ ಸುಮ್ಮನಾಯಿತು. ಹುಡುಗಿ ವೇಲಿನಿಂದ ಒಂದೊಂದೇ ಕೀ ಒರೆಸಿ ಒತ್ತಿ ನೋಡಿದಳು. ಒಂದೂ ನುಡಿಯಲಿಲ್ಲ.

ಸಂಘಟಕರು ಮೈಕ್ ಹಿಡಿದು ಕೇಳಿದರು: "ಯಾಕ ಸುಮ್ಮನ ನಿಂತ್ರಿ? ಹಾಡ್ರಿ, ಮಂದಿ ಕಾಯಾಕತ್ತಾರ."

ನಾವು ತಲೆಯ ಮೇಲಿನ ಕುರ್ಚಿಗಳನ್ನು ಒಂದೊಂದಾಗಿ ಕೆಳಗಿಟ್ಟೆವು.

ಮಳೆಯಿಂದ ಹಾಡನ್ನು ಉಳಿಸಿಕೊಳ್ಳುವುದು ಆ ಹುಡುಗಿಗೆ ಗೊತ್ತಿತ್ತು. ಸತ್ಕಾರದಿಂದ ಉಳಿಸಿಕೊಳ್ಳುವುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.